ಬುರುಡೆಗೆ ಸಾಸಿವೆ ತುಂಬಿದ ಡಾಕ್ಟರು

ನಮ್ಮ ಡಾಕ್ಟರು ತೀರಿಕೊಂಡರೆಂದು ಮೈಸೂರಿನಿಂದ ಅವರ ಅಣ್ಣನ ಮಗ ಕಾಗದ ಬರೆದಿದ್ದಾನೆ. "ಚಿಕ್ಕಪ್ಪ ಕೊಡಗಿನಲ್ಲಿ ಅಷ್ಟು ವರ್ಷ ಏನು ಮಾಡುತ್ತಿದ್ದರೆಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ತಾವು ಜೊತೆಯಲ್ಲಿದ್ದವರು, ಬರೆದು ತಿಳಿಸಬೇಕು" ಎಂದು ಕೇಳಿದ್ದಾನೆ. ಜ್ವರಕ್ಕೆ ಔಷಧ ಕೊಡುತ್ತಿದ್ದರು, ಜನ ಅವರನ್ನು ನಂಬಿದ್ದರು ಎಂದು ನಾಲ್ಕು ಸಾಲು ಬರೆದು ಹಾಕಿದೆ. ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಕಾಗದ ಅಂಚೆಗೆ ಹೋದ ಮೇಲೆ ನನಗೆ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಎಸ್ಟೇಟಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದವರಲ್ಲ.

ನಾನು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಕಂಪೌಂಡರು. ಊರು ಹಾಸನದ ಗಡಿಗೆ ಅಂಟಿದ ಶನಿವಾರಸಂತೆ. ಕೆಲಸಕ್ಕೆ ಸೇರಿದ ದಿನ ಡಾಕ್ಟರು ನನ್ನ ಹೆಸರು ಕೇಳುವ ಮೊದಲೇ ಟೋಪಿ ತೆಗೆಸಿದರು. ಕುರ್ಚಿಯಿಂದೆದ್ದು ನನ್ನ ಸುತ್ತ ಒಂದು ಸುತ್ತು ಬಂದು, ಎರಡು ಹೆಬ್ಬೆರಳಿನಿಂದ ನನ್ನ ಹುಬ್ಬಿನ ಮೂಳೆ ಒತ್ತಿ ನೋಡಿ, "ಹಾಸನದ ಕಡೆಯ ತಲೆ" ಎಂದರು. ನಾನು ಊರು ಹೇಳಿದೆ. "ಸ್ವಲ್ಪದರಲ್ಲಿ ತಪ್ಪಿತು" ಎಂದು ನಕ್ಕರು. ಆ ಬೆರಳುಗಳು ಎಷ್ಟು ತಣ್ಣಗಿದ್ದವೆಂದರೆ, ಅವರು ಕೈ ತೆಗೆದ ಮೇಲೂ ನನ್ನ ಹಣೆಯ ಮೇಲೆ ಎರಡು ಚುಕ್ಕೆ ತಂಪು ಉಳಿದಿತ್ತು.

ಸಣಕಲು ಮೈ, ಕೊಂಚ ಬಾಗಿದ ಬೆನ್ನು. ಮದುವೆ ಆಗಿರಲಿಲ್ಲ. ಮಲೇರಿಯಾ ಕಾಲದಲ್ಲಿ ಕೂಲಿಗಳ ಸಾಲುಮನೆಗಳ ಒಂದು ಲೈನಿನಿಂದ ಇನ್ನೊಂದು ಲೈನಿಗೆ ನಡೆದೇ ಹೋಗುತ್ತಿದ್ದರು. ಕ್ವಿನೈನ್ ಕೊಟ್ಟು ಬರುವುದಲ್ಲ, ಅದು ಗಂಟಲಿನಿಂದ ಕೆಳಗಿಳಿಯುವವರೆಗೂ ಎದುರಿಗೆ ನಿಂತಿರುತ್ತಿದ್ದರು. ಒಂದು ಹೆರಿಗೆಗೆಂದು ಎರಡು ದಿನ ಕೂಲಿ ಲೈನಿನ ಜಗಲಿಯಲ್ಲೇ ಕೂತು, ಮಗು ಅತ್ತ ಮೇಲೆ ಎದ್ದು ಬಂದದ್ದನ್ನು ನಾನು ನೋಡಿದ್ದೇನೆ. ಆ ಮಗುವಿನ ತಲೆಯನ್ನೂ ಅಳೆದರು ಅನ್ನುವುದು ಬೇರೆ ಮಾತು.

ಅಳೆಯುವುದಕ್ಕೆ ಒಂದು ಉಪಕರಣ ಇತ್ತು. ತಾವೇ ಚಿತ್ರ ಬರೆದುಕೊಟ್ಟು ವಿರಾಜಪೇಟೆಯ ಕಮ್ಮಾರನಿಂದ ಮಾಡಿಸಿದ್ದು; ಎರಡು ಬಾಗಿದ ಕಬ್ಬಿಣದ ತೋಳು, ನಡುವೆ ಗೆರೆ ಹಾಕಿದ ಹಿತ್ತಾಳೆ ಪಟ್ಟಿ. ಜನ ಅದನ್ನು ಡಾಕ್ಟ್ರ ಇಕ್ಕಳ ಅನ್ನುತ್ತಿದ್ದರು. ಕೆಮ್ಮು ಅಂತ ಬಂದವನಿಗೂ ಕಾಲು ಹುಣ್ಣು ಅಂತ ಬಂದವಳಿಗೂ ಮೊದಲು ಇಕ್ಕಳ, ಆಮೇಲೆ ಔಷಧ. ಅಳತೆಗಳನ್ನು ದಪ್ಪ ಪುಸ್ತಕದಲ್ಲಿ ನಾನು ಬರೆದುಕೊಳ್ಳಬೇಕಿತ್ತು. ಜನಕ್ಕೆ ಅಭ್ಯಾಸವಾಗಿಹೋಗಿತ್ತು. ಅದೂ ವೈದ್ಯದ ಒಂದು ಭಾಗ ಎಂದುಕೊಂಡು ತಾವಾಗಿಯೇ ತಲೆಯ ಬಟ್ಟೆ ಬಿಚ್ಚಿ ಕೂರುತ್ತಿದ್ದರು.

ಒಳಕೋಣೆಯಲ್ಲಿ ಮೂರು ಬುರುಡೆಗಳಿದ್ದವು. ನಿಜವಾದವಲ್ಲ, ಬಿಳಿಯರ ಸೀಮೆಯಿಂದ ತರಿಸಿದ ಪ್ಲಾಸ್ಟರಿನ ಪ್ರತಿಗಳು. ಭೂಮಿಯೊಳಗೆ ಕಲ್ಲಾಗಿ ಸಿಕ್ಕಿದ ಆದಿಮಾನವರ ತಲೆಗಳ ಅಚ್ಚು. ಒಂದಕ್ಕಂತೂ ಮುಖವೇ ಇರಲಿಲ್ಲ, ಬರೀ ತಲೆಯೋಡು, ಮಗುಚಿಟ್ಟ ಗಿಂಡಿಯ ಹಾಗೆ.

"ಇದು ಜಾವಾ ದ್ವೀಪದ್ದು ಕಣಯ್ಯಾ. ಹುಡುಕಿದವನು ಯಾರು ಗೊತ್ತೆ? ನನ್ನ ಹಾಗೇ ಒಬ್ಬ ಡಾಕ್ಟರು. ಅದಕ್ಕೇ ಅಂತ ಕೆಲಸ ಬಿಟ್ಟು ಹಡಗು ಹತ್ತಿ ಹೋದ. ಸಿಗುತ್ತೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ."

"ಇವರು ನಮ್ಮ ಪೈಕಿಯವರಾ ಸಾರ್?"

"ನಮ್ಮ ಪೈಕಿ ಅಲ್ಲ, ನಮಗೆ ಮೊದಲು ಇದ್ದವರು. ಮಂಗನೂ ಅಲ್ಲ, ಪೂರ್ತಿ ಮನುಷ್ಯನೂ ಅಲ್ಲ. ನೆಟ್ಟಗೆ ನಿಂತಿದ್ದರು, ನಡೆದರು. ಮಾತಾಡಿದರೋ ಇಲ್ಲವೋ ಗೊತ್ತಿಲ್ಲ."

ಅದನ್ನು ಹೇಳುವಾಗ ಅವರು ಬುರುಡೆಯ ಬಾಯಿ ಇರಬೇಕಾದ ಜಾಗವನ್ನೇ ನೋಡುತ್ತಿದ್ದರು. ಕೋಣೆಯ ಕಿಟಕಿ ಹಿಂದಿನ ದಾರಿಗೆ ತೆರೆದಿತ್ತು. ಒಂದು ಬೆಳಿಗ್ಗೆ ಕಿಟಕಿಯ ಹಲಗೆಯ ಮೇಲೆ ಮೂರು ವೀಳ್ಯದೆಲೆ, ಮೂರು ಅಡಿಕೆ ಇದ್ದವು. ಯಾರಿಟ್ಟರೆಂದು ಕೊನೆಗೂ ತಿಳಿಯಲಿಲ್ಲ. ಡಾಕ್ಟರು ಅವನ್ನು ತೆಗೆಯಲು ಬಿಡಲಿಲ್ಲ. "ಅವರ ಪಾಲಿಂದು, ಇರಲಿ" ಎಂದರು. ತಮಾಷೆಗೆ ಹೇಳಿದರೆಂದು ಆಗ ಅನ್ನಿಸಿತ್ತು.

ನಮ್ಮೂರ ಕಡೆ ಗುಡ್ಡದ ಮೇಲೆ ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಹಳೆಯ ಗೋರಿಗಳಿವೆ. ಜನ ಪಾಂಡವರ ಮನೆ ಅನ್ನುತ್ತಾರೆ. ಅದನ್ನು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, ಒಂದು ವಾರ ರಜೆ ಹಾಕಿ ಡಾಕ್ಟರು ನನ್ನನ್ನೂ ಹೊರಡಿಸಿದರು. ಇಬ್ಬರು ಆಳುಗಳೊಡನೆ ಎರಡು ಮನೆ ಅಗೆಸಿದೆವು. ಮಡಕೆ ಸಿಕ್ಕಿತು. ತುಕ್ಕು ತಿಂದ ಕಬ್ಬಿಣ ಸಿಕ್ಕಿತು. ಎಲುಬಿನ ಒಂದು ಚೂರೂ ಇರಲಿಲ್ಲ. ಡಾಕ್ಟರು ಮಡಕೆಯ ತಳದ ಮಣ್ಣನ್ನು ಚಿಟಿಕೆಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಆಳುಗಳು ಹಿಂದೆ ಸರಿದರು.

"ಹುಳಿ" ಎಂದರು ಡಾಕ್ಟರು. "ಈ ಮಣ್ಣು ಎಲುಬು ತಿನ್ನುತ್ತೆ. ಮಡಕೆ ಬಿಡುತ್ತೆ, ಮನುಷ್ಯನನ್ನು ಮಾತ್ರ ಬಿಡಲ್ಲ. ಕೊಡಗಿನಲ್ಲಿ ಎಷ್ಟು ಸಾವಿರ ವರ್ಷದಿಂದ ಜನ ಇದ್ದರೋ, ಅಷ್ಟನ್ನೂ ತಿಂದು ಕೂತಿದೆ."

ವಾಪಸು ಬರುವಾಗ ಅವರು ದಾರಿಯುದ್ದಕ್ಕೂ ತಲೆ ತಗ್ಗಿಸಿ, ಕಾಲನ್ನು ಬಹಳ ಹಗುರ ಇಟ್ಟು ನಡೆದರು. ಕೆಳಗೆ ಮಲಗಿದವರಿಗೆ ಎಚ್ಚರವಾದೀತು ಅನ್ನುವ ಹಾಗೆ.

ಆಮೇಲೆ ಅವರು ನೆಲದಲ್ಲಿ ಹುಡುಕುವುದನ್ನು ಬಿಟ್ಟು ಜೀವ ಇದ್ದವರಲ್ಲಿ ಹುಡುಕತೊಡಗಿದರು. ಸೀಮೆಯ ಒಬ್ಬ ಪಂಡಿತರ ಜೊತೆ ಅವರಿಗೆ ಕಾಗದದ ವ್ಯವಹಾರ ಇತ್ತು. ಕಾಡಿನ ಜನರಲ್ಲಿ ಹಳೆಯ ಮನುಷ್ಯನ ಗುರುತು ಇನ್ನೂ ಉಳಿದಿರುತ್ತದೆ, ಹುಡುಕಿ ಎಂದು ಆ ಪಂಡಿತರು ಬರೆದಿದ್ದರು. ಪುಸ್ತಕಗಳಲ್ಲೂ ಹಾಗೇ ಇತ್ತು. ಡಾಕ್ಟರು ನಂಬಿದರು, ಓದಿದವರು ನಂಬಿದ್ದನ್ನು ನಾನೂ ನಂಬಿದೆ.

ತೋಲ ಬಂದದ್ದು ಆಗ. ಎಸ್ಟೇಟಿನ ಅಂಚಿನ ಲೈನಿನಲ್ಲಿದ್ದ, ಯರವರೆಂಬ ಕಾಡುಜನರ ಪೈಕಿಯ ಮುದುಕ. ಎದೆಯ ಕೆಮ್ಮು. ಮಗಳು ಕಾಳಿ ಕೈ ಹಿಡಿದು ಕರೆದುಕೊಂಡು ಬಂದಿದ್ದಳು. ಅವನು ತಲೆಯ ಬಟ್ಟೆ ತೆಗೆದಾಗ ಡಾಕ್ಟರ ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿತ್ತು. ಅವನ ಹುಬ್ಬಿನ ಮೂಳೆ ಎರಡು ಕಣ್ಣಿನ ಮೇಲೂ ಚಜ್ಜದ ಹಾಗೆ ಚಾಚಿಕೊಂಡಿತ್ತು, ಹಣೆ ಹಿಂದಕ್ಕೆ ಇಳಿದಿತ್ತು. ಡಾಕ್ಟರು ಒಮ್ಮೆ ಅವನನ್ನು, ಒಮ್ಮೆ ಒಳಕೋಣೆಯ ಬಾಗಿಲನ್ನು ನೋಡಿದರು.

ಅವತ್ತಿನಿಂದ ಎರಡು ವರ್ಷ ತೋಲನಿಗೆ ಆದಷ್ಟು ಆರೈಕೆ ಆ ಎಸ್ಟೇಟು ನಡೆಸುವ ದೊರೆಗೂ ಆಗಿರಲಿಲ್ಲ. ಹಾಲು, ಮೊಟ್ಟೆ, ಕಂಬಳಿ. ವರಾಂಡದ ಬೆಂಚಿನ ಕೊನೆಯಲ್ಲಿ, ಬಿಸಿಲು ಬೀಳುವ ಕಡೆ, ಅವನಿಗೆಂದೇ ಜಾಗ. ಡಾಕ್ಟರು ಅವನ ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಗಂಟೆಗಟ್ಟಲೆ ಕೂತು ಮಾತಾಡುತ್ತಿದ್ದರು. ಅವರಿಗೆ ಅವನೆಂದರೆ ನಿಜವಾಗಿಯೂ ಪ್ರೀತಿ ಇತ್ತು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹಾಗೆ ಮಾತಾಡುತ್ತಿದ್ದಾಗಲೂ ಅವರ ಕಣ್ಣು ಅವನ ಕಣ್ಣಿಗಿಂತ ಎರಡು ಬೆರಳು ಮೇಲೆ ನೆಟ್ಟಿರುತ್ತಿತ್ತು.

ತೋಲ ದಡ್ಡನಲ್ಲ. ಒಂದು ದಿನ ಇಕ್ಕಳ ತಲೆಗೆ ಹಾಕಿದ್ದಾಗಲೇ ಕೇಳಿದ:

"ಎಂಥಕ್ಕೆ ಡಾಕ್ಟ್ರೆ, ತಿಂಗಳಿಗೊಂದ್ಸಲ ಈ ಮಂಡೆ ಅಳೀದು? ಬೆಳೀತದಾ?"

"ಇಲ್ಲ ತೋಲ. ನಿನ್ನ ತಲೆ ಬಹಳ ಹಳೇ ತಲೆ. ಅದಕ್ಕೆ."

"ಎಷ್ಟು ಹಳೇದು?"

"ನಿನ್ನ ಅಜ್ಜನ ಅಜ್ಜನ ಅಜ್ಜ... ಲೆಕ್ಕ ಇಲ್ಲದಷ್ಟು."

"ನಿಮ್ಗೆ ಅಜ್ಜ ಇರ್ಲಿಲ್ವಾ ಡಾಕ್ಟ್ರೆ?" ಎಂದ ತೋಲ.

ನಾನು ನಕ್ಕುಬಿಟ್ಟೆ. ಡಾಕ್ಟರು ನಗಲಿಲ್ಲ. ತೋಲ ಮತ್ತೆ ಹೇಳಿದ: "ನಂಗೆ ಗೊತ್ತುಂಟು. ನಾ ಸತ್ಮೇಲೆ ಇದು ಬೇಕು ನಿಮ್ಗೆ. ತಕ್ಕೊಳ್ಳಿ. ಆದ್ರೆ ಕೇಳಿ ತಕ್ಕೊಳ್ಳಿ."

"ಯಾರನ್ನ ಕೇಳಲಿ? ಕಾಳಿಯನ್ನಾ?"

"ಕಾಳಿನ ಯಾಕೆ? ಮಂಡೆ ನಂದು. ನನ್ನ ಕೇಳಿ."

ಮೂಳೆ ಮುರಿದವರಿಗೆ ಹಾಕುವ ಪ್ಲಾಸ್ಟರಿನಲ್ಲಿ ಅವನ ಮುಖದ ಅಚ್ಚು ತೆಗೆದದ್ದು ಆ ಮೇಲಿನ ತಿಂಗಳು. ಹಾಡುಹಗಲು, ಹನ್ನೊಂದು ಗಂಟೆ ಇದ್ದೀತು. ಮುಖಕ್ಕೆ ಹರಳೆಣ್ಣೆ ಸವರಿ, ಉಸಿರಿಗೆಂದು ಮೂಗಿನ ಹೊಳ್ಳೆಗಳಲ್ಲಿ ಪಪ್ಪಾಯಿ ಎಲೆಯ ದಂಟು ಇಟ್ಟೆವು. ತೊಂದರೆಯಾದರೆ ಬೆರಳೆತ್ತು ಎಂದು ಹೇಳಿದ್ದೆವು. ಅವನು ಬೆರಳೆತ್ತಲಿಲ್ಲ. ಕೆಮ್ಮಲೂ ಇಲ್ಲ, ಎರಡು ವರ್ಷದಲ್ಲಿ ಅವನು ಅಷ್ಟು ಹೊತ್ತು ಕೆಮ್ಮದೆ ಇದ್ದದ್ದು ಅದೊಂದೇ ಸಲ. ಬಿಳಿಯ ಮುಖದಿಂದ ಎರಡು ಹಸಿರು ದಂಟು ಮೇಲಕ್ಕೆ ನಿಂತಿದ್ದವು. ನಾನು ಅವಕ್ಕೆ ಅಂಗೈ ಅಡ್ಡ ಹಿಡಿದೆ. ಗಾಳಿ ಬರುತ್ತಿರಲಿಲ್ಲ. "ಸಾರ್!" ಎಂದು ಕೂಗಿದೆ. ಡಾಕ್ಟರು ಎರಡೂ ಕೈಯಿಂದ ಪ್ಲಾಸ್ಟರು ಕಿತ್ತರು. ತೋಲ ಕಣ್ಣು ಬಿಟ್ಟ. ಬಾವಿಯಿಂದ ಮೇಲೆ ಬಂದವನ ಹಾಗೆ ನಮ್ಮಿಬ್ಬರನ್ನೂ ನೋಡಿದ.

"ಒಳಗೆ ಜನ ಇದ್ರು" ಎಂದ. "ನಮ್ಮಪ್ಪ, ಅಜ್ಜ, ಆಚೆಗೆ ನಂಗೆ ಗೊತ್ತಿಲ್ಲದೋರು. ಎಲ್ಲಾ ಕೂತಿದ್ರು. ತುಂಬಾ ಜನ."

"ಕನಸು ಬಿದ್ದಿರಬೇಕು" ಎಂದರು ಡಾಕ್ಟರು.

"ನೀವೂ ಇದ್ರಿ ಡಾಕ್ಟ್ರೆ" ಎಂದ ತೋಲ. "ಅವ್ರ ಜೊತೆಗೇ ಕೂತಿದ್ರಿ."

ಆಷಾಢದಲ್ಲಿ, ಕೊಡಗಿನವರು ಕಕ್ಕಡ ಅನ್ನುವ ತಿಂಗಳ ಮಳೆಯಲ್ಲಿ ತೋಲ ಸತ್ತ. ಡಾಕ್ಟರು ಬಿಕ್ಕಿ ಬಿಕ್ಕಿ ಅತ್ತರು. ಲೈನಿನ ಜನಕ್ಕೆ ಅದು ದೊಡ್ಡ ಸಂಗತಿಯಾಯಿತು, ಡಾಕ್ಟ್ರು ನಮ್ಮವನಿಗಾಗಿ ಅತ್ತರು ಎಂದು. ಹೂಳುವಾಗಲೂ ಅವರು ಹೋಗಿದ್ದರು. ವಾಪಸು ಬರುತ್ತ ನನ್ನ ಬಳಿ ಒಂದೇ ಮಾತು ಆಡಿದರು: "ಮಾಂಸ ಕರಗಲು ಒಂದೂವರೆ ವರ್ಷ ಸಾಕು. ಅದಕ್ಕಿಂತ ಹೆಚ್ಚು ಬಿಡಬಾರದು. ಈ ಮಣ್ಣು ಬಿಡಲ್ಲ."

ಒಂದೂವರೆ ವರ್ಷ ಅವರು ಆ ವಿಷಯ ಎತ್ತಲಿಲ್ಲ. ಜನವರಿಯ ಒಂದು ಮಧ್ಯಾಹ್ನ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನ ಭರಾಟೆಯಲ್ಲಿ ಲೈನಿಗೆ ಲೈನೇ ತೋಟಕ್ಕೆ ಹೋಗಿ ಖಾಲಿಯಾಗಿದ್ದಾಗ, "ಬಾರಯ್ಯ" ಎಂದರು. ನಾನು ಗುದ್ದಲಿ ಹಿಡಿದು ಹಿಂದೆ ಹೋದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ನಡು ಮಧ್ಯಾಹ್ನ ನಮ್ಮ ನೆರಳು ನಮ್ಮ ಕಾಲಡಿಯಲ್ಲೇ ಇತ್ತು. ಲೈನುಗಳ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ನಾಯಿಯೂ ಇರಲಿಲ್ಲ. ಲೈನಿನ ಹಿಂದೆ, ಕಾಡು ಶುರುವಾಗುವಲ್ಲಿ, ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು. ಡಾಕ್ಟರು ಟೋಪಿ ತೆಗೆದು ನಿಂತರು. ಆಮೇಲೆ, ರೋಗಿಯನ್ನು ಕೇಳುವಂಥದೇ ಧ್ವನಿಯಲ್ಲಿ, "ತೋಲ, ತಗೊಳ್ಳಲಾ?" ಎಂದು ಕೇಳಿದರು.

ಕಾಡಿನ ಅಂಚಿನಿಂದ ಕೆಮ್ಮು ಕೇಳಿಸಿತು. ಎರಡು ಸಲ ಗಟ್ಟಿಯಾಗಿ, ಒಂದು ಸಲ ಕ್ಷೀಣವಾಗಿ. ಎರಡು ವರ್ಷ ವರಾಂಡದಲ್ಲಿ ನಾನು ದಿನವೂ ಕೇಳಿದ ಕೆಮ್ಮು.

"ಸಾರ್, ಹೋಗುವಾ ಬನ್ನಿ" ಎಂದೆ.

"ಕಾಡುಕುರಿ ಕಣಯ್ಯ. ಕಾಡುಕುರಿ ಹಾಗೇ ಕೂಗುತ್ತೆ" ಎಂದರು. ಕಾಡುಕುರಿ ಹಾಗೆ ಕೂಗುವುದು ನನಗೂ ಗೊತ್ತು. ಆದರೆ ಡಾಕ್ಟರ ತುಟಿ ಬೆಳ್ಳಗಾಗಿತ್ತು. ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು ತಾವೇ ಅಗೆದರು.

ಬುರುಡೆಯ ಒಳಗೆ ಎಷ್ಟು ಜಾಗವಿದೆ ಎಂದು ತಿಳಿಯಲು ಅದಕ್ಕೆ ಸಾಸಿವೆ ತುಂಬುತ್ತಾರೆ. ತುಂಬಿದ ಸಾಸಿವೆಯನ್ನು ಅಳತೆ ಗ್ಲಾಸಿಗೆ ಸುರಿದು ನೋಡುತ್ತಾರೆ. ಮಿದುಳು ಎಷ್ಟಿತ್ತು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಒಂದು ಡಬ್ಬಿ ಸಾಸಿವೆ ತರಿಸಿ ಒಳಕೋಣೆಯಲ್ಲಿ ಕೂತೆವು. ಡಾಕ್ಟರು ತುಂಬಿದರು, ನಾನು ಅಳೆದೆ. ಅವರು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಬಂತು. ಪುಸ್ತಕದಲ್ಲಿ ಬಿಳಿಯರ ತಲೆಗೆಂದು ಕೊಟ್ಟಿದ್ದ ಅಳತೆಯನ್ನೂ ದಾಟಿತು.

"ಅಲ್ಲಾಡಿಸಿ ತುಂಬಿದ್ದು ತಪ್ಪಾಯಿತು" ಎಂದರು. ಮತ್ತೆ ಅಳೆದೆವು. ಅಷ್ಟೇ ಬಂತು.

ಆ ವಾರವೆಲ್ಲ ಅವರು ಅದನ್ನೇ ಮಾಡಿದರು. ಹೊರಗೆ ರೋಗಿಗಳು ಕಾಯುತ್ತಿದ್ದರು. ಒಳಗಿನಿಂದ ಸಾಸಿವೆ ಸುರಿಯುವ ಸದ್ದು. ಒಣ ಎಲೆಯ ಮೇಲೆ ಹನಿ ಬಿದ್ದ ಹಾಗೆ ಶುರುವಾಗಿ, ತುಂಬುತ್ತ ತುಂಬುತ್ತ ಸಣ್ಣದಾಗಿ, ಯಾರೋ ಪಿಸುಗುಟ್ಟುತ್ತ ಬಂದು ಬಾಯಿ ಮುಚ್ಚಿದ ಹಾಗೆ ನಿಲ್ಲುತ್ತಿತ್ತು. ಮತ್ತೆ ಶುರುವಾಗುತ್ತಿತ್ತು. ಕೊನೆಗೆ ಆ ಅಂಕಿಯನ್ನೇ ಬರೆದು ಸೀಮೆಯ ಪಂಡಿತರಿಗೆ ಕಾಗದ ಹಾಕಿದರು.

ಉತ್ತರಕ್ಕೆ ಕಾಯುತ್ತಿದ್ದಾಗ ಒಂದು ದಿನ ಕಾಳಿ ಬಂದಳು. ಜ್ವರವಿಲ್ಲ, ಏಟಿಲ್ಲ. ವರಾಂಡದ ಕಂಬಕ್ಕೆ ಒರಗಿ ನಿಂತಳು.

"ಡಾಕ್ಟ್ರೆ, ಅಪ್ಪ ಬಂದು ಕೂತಿದಾನೆ. ನೀವು ಒಳಗೆ ಕರೀತಿಲ್ಲ."

ಡಾಕ್ಟರು ಔಷಧದ ಚೀಟಿಯಿಂದ ತಲೆ ಎತ್ತಲಿಲ್ಲ. "ಎಲ್ಲಿ ಕೂತಿದಾನೆ?"

"ಅಲ್ಲೇ. ಬಿಸಿಲಲ್ಲಿ." ಬೆಂಚಿನ ಕೊನೆಯನ್ನು ತೋರಿಸಿದಳು. "ಪಿಕ್ಕಿಂಗ್ ಮುಗಿದಾಗಿಂದ ದಿನಾ ಬತ್ತಾನೆ. ಒಳಗೆ ಬರಕ್ಕೆ ಹೆದರ್ತಾನೆ. ಕರೆದು ಎಂಥ ಬೇಕು ಕೇಳಿ."

ಅಳಲಿಲ್ಲ, ಬಯ್ಯಲಿಲ್ಲ. ಹೇಳುವುದನ್ನು ಹೇಳಿ ಹೋದಳು. ಸಮಾಧಿಯ ಹುಲ್ಲು ಕೆದರಿದ್ದನ್ನು ಅವಳು ನೋಡಿದ್ದಳೋ ಇಲ್ಲವೋ ನನಗೆ ತಿಳಿಯದು. ಅವತ್ತಿನಿಂದ ಬೆಂಚಿನ ಆ ತುದಿಯಲ್ಲಿ ಯಾರೂ ಕೂರಲಿಲ್ಲ. ಎಷ್ಟು ಜನ ಬಂದರೂ ಒತ್ತೊತ್ತಿ ಈ ಕಡೆ ಕೂತು, ಅಲ್ಲಿ ಒಬ್ಬನ ಜಾಗ ಬಿಡುತ್ತಿದ್ದರು.

ಡಾಕ್ಟರು ಹತ್ತು ದಿನ ತಡೆದರು. ಹನ್ನೊಂದನೆಯ ದಿನ ಕೊನೆಯ ರೋಗಿ ಹೋದ ಮೇಲೆ, ಬಾಗಿಲಿನ ಕಡೆ ನೋಡಿ, "ಬಾ ತೋಲ" ಎಂದರು. ಎದುರಿನ ಸ್ಟೂಲನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. "ಕೆಮ್ಮು ಹೇಗಿದೆ?" ಎಂದು ಕೇಳಿ, ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಚೀಟಿ ಬರೆದು ನನ್ನ ಕಡೆ ಚಾಚಿದರು. ಎದೆಕೆಮ್ಮಿನ ಮಿಕ್ಸ್ಚರ್, ದಿನಕ್ಕೆ ಮೂರು ಸಲ. ಹೆಸರಿನ ಜಾಗದಲ್ಲಿ ತೋಲ ಎಂದಿತ್ತು.

ನಾನು ಕಂಪೌಂಡರು. ಚೀಟಿ ಬಂದರೆ ಔಷಧ ಕಟ್ಟಬೇಕು. ಕಟ್ಟಿದೆ. ಬಾಟಲಿಗೆ ಗುರುತಿನ ಕಾಗದ ಅಂಟಿಸಿ ಬೆಂಚಿನ ತುದಿಯಲ್ಲಿಟ್ಟು ಬಂದೆ. ಸಂಜೆ ಬಾಗಿಲು ಹಾಕುವಾಗ ಅದು ಅಲ್ಲಿರಲಿಲ್ಲ. ಯಾರು ಒಯ್ದರು ಎಂದು ನಾನು ಕೇಳಲಿಲ್ಲ. ಹೀಗೆ ಆರು ಬಾಟಲಿ ಹೋದವು.

ಅಷ್ಟರಲ್ಲಿ ಸೀಮೆಯ ಕಾಗದ ಬಂತು. ಡಾಕ್ಟರು ಓದಿ ನನಗೂ ಅರ್ಥ ಹೇಳಿದರು. ಸಾಸಿವೆಯ ಅಳತೆಯಲ್ಲಿ ಎಲ್ಲೋ ತಪ್ಪಿದೆ, ಇಂಥ ಹುಬ್ಬಿನ ತಲೆಯಲ್ಲಿ ಅಷ್ಟು ಜಾಗ ಇರಲಾರದು. ಈ ಬುರುಡೆ ಪ್ರಯೋಜನಕ್ಕೆ ಬಾರದು, ಇನ್ನೂ ಆರೇಳು ಸಂಪಾದಿಸಿ ಕಳಿಸಿ. ಇಷ್ಟೇ ಇದ್ದದ್ದು.

"ಇನ್ನೂ ಆರೇಳು" ಎಂದು ಡಾಕ್ಟರು ತಮಗೇ ಹೇಳಿಕೊಂಡರು. ಎದ್ದು ಇಕ್ಕಳ ತಂದು ನನ್ನ ಕೈಗೆ ಕೊಟ್ಟು, ಟೋಪಿ ತೆಗೆದು ಸ್ಟೂಲಿನ ಮೇಲೆ ಕೂತರು. "ನನ್ನದು ಅಳಿ."

ಅಷ್ಟು ವರ್ಷದಲ್ಲಿ ಅವರ ತಲೆಯನ್ನು ಯಾರೂ ಅಳೆದಿರಲಿಲ್ಲ. ಉದ್ದ, ಅಗಲ, ಎತ್ತರ ನಾನು ಓದಿ ಹೇಳಿದೆ. ಅವರು ತೋಲ ಬದುಕಿದ್ದಾಗಿನ ಅಳತೆಯ ಪಕ್ಕದಲ್ಲಿ ಬರೆದರು. ಹುಬ್ಬಿನ ಮೂಳೆಯೊಂದನ್ನು ಬಿಟ್ಟರೆ ಎರಡು ಸಾಲಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಅವರು ಪುಸ್ತಕ ಮುಚ್ಚಿದರು. ಆಮೇಲೆ ಸೀಮೆಯ ಕಾಗದವನ್ನು ಸ್ಪಿರಿಟ್ ದೀಪಕ್ಕೆ ಹಿಡಿದರು.

ಭಾನುವಾರ ಜನವೆಲ್ಲ ಲೈನಿನಲ್ಲಿರುವ ಹೊತ್ತು ನೋಡಿಯೇ ಅವರು ಹೊರಟರು. ಬುರುಡೆಯನ್ನು ಒಗೆದ ಪಂಚೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದಿದ್ದರು. ಇನ್ನೊಂದು ಗಂಟಿನಲ್ಲಿ ಮುಖದ ಅಚ್ಚು ನನ್ನ ಕೈಯಲ್ಲಿತ್ತು. ಕಾಳಿಯ ಬಾಗಿಲ ಮುಂದೆ ಬಿಸಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಿನ್ನ ಅಪ್ಪನ ತಲೆ ನಾನು ಅಗೆದು ತೆಗೆದೆ. ತಪ್ಪು ಮಾಡಿದೆ ತಾಯಿ."

ಗಂಡಸರು ಎದ್ದು ನಿಂತರು. ಒಬ್ಬನ ಕೈಯಲ್ಲಿ ಕತ್ತಿಯಿತ್ತು. ಕಾಳಿ ಕೈ ಅಡ್ಡ ಹಿಡಿದು ಅವರನ್ನು ತಡೆದಳು. ಪಂಚೆಯ ಗಂಟನ್ನು ನೋಡಿದಳು, ಮುಟ್ಟಲಿಲ್ಲ.

"ಒಳಗೆ ಎಂಥ ಸಿಕ್ತು?"

"ಏನೂ ಇಲ್ಲ" ಎಂದರು ಡಾಕ್ಟರು. "ನನ್ನ ತಲೆಯ ಹಾಗೇ."

"ಅದಕ್ಕೆ ಅಗೀಬೇಕಿತ್ತಾ?" ಎಂದಳು ಕಾಳಿ. "ಎರಡು ವರ್ಷ ಪಕ್ಕದಲ್ಲಿ ಕೂತಿದ್ರಲ್ಲ."

ಅವಳು ಮುಂದೆ ನಡೆದಳು, ಡಾಕ್ಟರು ಹಿಂದೆ. ಮತ್ತೆ ಅವರೇ ಅಗೆದು, ಅವರೇ ಇಟ್ಟು, ಅವರೇ ಮಣ್ಣು ಮುಚ್ಚಿದರು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಯಾರೂ ಅಡ್ಡಿಯನ್ನೂ ಮಾಡಲಿಲ್ಲ. ಅಚ್ಚನ್ನು ಕಾಳಿಗೆ ಕೊಡಲು ಹೋದರೆ ಬೇಡವೆಂದಳು. "ಅಪ್ಪನ ಮುಖ ನಂಗೆ ಗೊತ್ತುಂಟು. ನೀವು ಸರಿಯಾಗಿ ನೋಡಿಲ್ಲ. ಇಟ್ಕೊಳ್ಳಿ."

ವಾರದೊಳಗೆ ದೊರೆ ಅವರನ್ನು ಕೆಲಸದಿಂದ ಬಿಡಿಸಿದ. ಸಮಾಧಿ ಅಗೆದದ್ದಕ್ಕಲ್ಲ, ಕೂಲಿಗಳ ಮುಂದೆ ತಪ್ಪೊಪ್ಪಿಕೊಂಡದ್ದಕ್ಕೆ. ಪ್ಲಾಸ್ಟರಿನ ಮೂರು ಬುರುಡೆಗಳನ್ನು ಬಿಟ್ಟು, ತೋಲನ ಮುಖವೊಂದನ್ನು ಹಾಸಿಗೆ ಸುರುಳಿಯೊಳಗೆ ಸುತ್ತಿಕೊಂಡು ಡಾಕ್ಟರು ಮೈಸೂರಿಗೆ ಹೋದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹೊಸ ಡಾಕ್ಟರು ಬಂದರು, ಬೆಂಚಿಗೆ ಬಣ್ಣ ಬಳಿಸಿದರು. ಆದರೂ ಜನ ಆ ತುದಿಯಲ್ಲಿ ಕೂರುತ್ತಿರಲಿಲ್ಲ. ಒಂದು ದಿನ ಕಾಳಿ ಸಿಕ್ಕಾಗ ಕೇಳಿಯೇಬಿಟ್ಟೆ.

"ಎಲ್ಲಾ ವಾಪಸ್ ಇಟ್ಟಾಯ್ತಲ್ಲ ಕಾಳಿ. ಇನ್ನೂ ಯಾಕೆ?"

"ಇಲ್ಲ ಕಂಪೌಂಡ್ರೆ. ಇನ್ನೂ ಹೋಗಿಲ್ಲ. ಹುಡುಕ್ತಾನೆ."

"ಏನನ್ನ?"

"ನಂಗೆ ಹೇಗೆ ಗೊತ್ತು? ಬಾಯಿ ಮುಚ್ಕೊಂಡು ಕೂತಿರ್ತಾನೆ."

ಅದಾಗಿ ಒಂದು ವರ್ಷದ ಮೇಲೆ ಹೊಸ ಡಾಕ್ಟರು ಒಳಕೋಣೆ ಖಾಲಿ ಮಾಡಿಸಿದರು. ಕಪಾಟಿನ ಹಿಂದೆ ಸಾಸಿವೆಯ ಡಬ್ಬಿ ಇತ್ತು. ಹುಳ ಹಿಡಿದಿರಬೇಕೆಂದು ಅಂಗಳದಲ್ಲಿ ಮೊರಕ್ಕೆ ಸುರಿದೆ. ಕಪ್ಪು ಸಾಸಿವೆಯ ನಡುವೆ ಬೆಳ್ಳಗೆ ಏನೋ ಹೊರಳಿ ಬಂತು. ಹಲ್ಲು. ತುಂಬಿ ಸುರಿದು, ತುಂಬಿ ಸುರಿದು ಮಾಡುವಾಗ ಯಾವಾಗಲೋ ಉದುರಿ ಅಲ್ಲೇ ಉಳಿದಿತ್ತು. ಬಾಯಿ ಮುಚ್ಚಿಕೊಂಡು ಕೂತಿರುತ್ತಾನೆ ಎಂದು ಕಾಳಿ ಹೇಳಿದ್ದು ಯಾಕೆಂದು ಆಗ ಹೊಳೆಯಿತು.

ಅವತ್ತೇ ಮೈಸೂರಿಗೆ ಬರೆದೆ. ನಾನೇ ಒಯ್ದು ಹೂಳಲೇ ಎಂದು ಕೇಳಿದ್ದೆ. ಎರಡೇ ಸಾಲಿನ ಉತ್ತರ ಬಂತು: "ನೀನು ಹೂಳಬೇಡ. ನಾನು ಬರುತ್ತೇನೆ."

ಬಂದರು. ಅವರು ಕಾಣಿಸುವ ಮೊದಲು ಕೆಮ್ಮು ಕೇಳಿಸಿತು. ನಾನು ಮದ್ದಿನ ಗಾಜು ತೊಳೆಯುತ್ತಿದ್ದೆ. ಎರಡು ಸಲ ಗಟ್ಟಿಯಾಗಿ, ಒಂದು ಸಲ ಕ್ಷೀಣವಾಗಿ. ಹೊರಗೆ ಬಂದು ನೋಡಿದರೆ ವರಾಂಡದಲ್ಲಿ ಡಾಕ್ಟರು ಕಂಬ ಹಿಡಿದು ನಿಂತಿದ್ದರು. ಕೋಟಿನೊಳಗೆ ಮೈಯೇ ಇದ್ದಂತಿರಲಿಲ್ಲ. ಕೆನ್ನೆ ಒಳಸೇರಿ, ಕಣ್ಣು ಆಳಕ್ಕಿಳಿದು, ಹುಬ್ಬಿನ ಮೂಳೆ ಎದ್ದು ಕಾಣುತ್ತಿತ್ತು. ಎರಡು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರಿಗೆ ಆ ಕಾಯಿಲೆ ಅಂಟುವುದರಲ್ಲಿ ಆಶ್ಚರ್ಯವಿಲ್ಲ. ಅವರೂ ಅದನ್ನೇ ಹೇಳಿದರು. "ಅವನದೇ ಕಣಯ್ಯ, ಅವನ ಎದೆಯಿಂದ ಬಂದದ್ದು. ಇದನ್ನ ಮಾತ್ರ ಅವನೇ ಕೊಟ್ಟ."

"ಈ ಮೈಯಲ್ಲಿ ಬಸ್ಸಲ್ಲಿ ಯಾಕ್ ಸಾರ್ ಬಂದ್ರಿ? ಒಂದು ಹಲ್ಲಿಗೆ?"

"ಒಂದು ಹಲ್ಲಾದರೇನು? ನನ್ನದಲ್ಲವಲ್ಲ."

ಕಾಳಿಗೆ ಹೇಳಿ ಕಳಿಸಿದೆ. ಮೂವರೂ ಹೋದೆವು. ಅರ್ಧ ದಾರಿಯಲ್ಲಿ ಡಾಕ್ಟರು ಉಸಿರು ಸಾಲದೆ ಕೂತರು. ಕಾಳಿ ಅವರ ತೋಳು ಹಿಡಿದು ಎಬ್ಬಿಸಿದಳು, ಆಮೇಲೆ ಬಿಡಲಿಲ್ಲ. ಸಮಾಧಿಯ ಬಳಿ ಅವರು ಬೆರಳಿನಿಂದಲೇ ಮಣ್ಣು ತೋಡಿ ಹಲ್ಲನ್ನಿಟ್ಟರು. ಮಣ್ಣು ಮುಚ್ಚಿ ಅಂಗೈಯಿಂದ ಮೆಲ್ಲಗೆ ತಟ್ಟಿದರು. ಈ ಸಲ ತೋಲನನ್ನು ಏನೂ ಕೇಳಲಿಲ್ಲ. ಕಾಡಿನಿಂದಲೂ ಯಾವ ಸದ್ದೂ ಬರಲಿಲ್ಲ.

ಸಿದ್ದಾಪುರದ ಬಸ್ಸಿನವರೆಗೆ ಕಾಳಿಯೂ ಬಂದಳು. ರಾತ್ರಿ ಉಳಿದು ಹೋಗಿ ಎಂದು ನಾನು ಹೇಳಿದ್ದನ್ನು ಡಾಕ್ಟರು ಕೇಳಲಿಲ್ಲ. ಬಸ್ಸಿನಲ್ಲಿ ಜನ ಅಷ್ಟಿರಲಿಲ್ಲ. ಕಿಟಕಿಯ ಪಕ್ಕ ಕೂತು, ನಮ್ಮ ಕಡೆ ನೋಡಿ ಕೈ ಎತ್ತಿದರು. ಆಮೇಲೆ ಯಾರೋ ಹತ್ತಿ ಬಂದವರ ಹಾಗೆ ತಲೆ ತಿರುಗಿಸಿ, ಕೋಟಿನ ಅಂಚು ಒಳಗೆಳೆದುಕೊಂಡು, ಕಿಟಕಿಗೆ ಒತ್ತಿ ಸರಿದು ಕೂತರು. ನಾನು ಬಗ್ಗಿ ನೋಡಿದೆ. ಬಸ್ಸಿಗೆ ಯಾರೂ ಹತ್ತಿರಲಿಲ್ಲ.

ಬಸ್ಸು ಹೊರಟಿತು. ಕಾಳಿ ತಲೆಯ ಬಟ್ಟೆ ಸರಿಮಾಡಿಕೊಂಡಳು.

"ಅಪ್ಪ ಹೋದ" ಎಂದಳು.

"ಮಣ್ಣಿಗಾ?"

"ಅಲ್ಲ, ಬಸ್ಸಿಗೆ. ಡಾಕ್ಟ್ರು ಒಬ್ರೇ ಅಲ್ವಾ, ಅಷ್ಟು ದೂರ."